ಬಾಕಿ ಮಾತು

ಸೆಪ್ಟೆಂಬರ್ 1, ಸೋಮವಾರ

ಇಂದಿನಿಂದ ನನ್ನ ಬಾಯಿಗೆ ಬೀಗ. ಗಂಟಲಿನ ಡಾಕ್ಟರು ಒಂದು ತೆಳ್ಳನೆಯ ಕೊಳವೆ ಒಳಗಿಳಿಸಿ, ನನ್ನ ಧ್ವನಿತಂತುಗಳನ್ನು ಪರದೆಯ ಮೇಲೆ ನನಗೇ ತೋರಿಸಿದರು. ಒಂದರ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಗಂಟು. ಅಪಾಯದ್ದಲ್ಲವಂತೆ. ನಡೆದು ನಡೆದು ಅಂಗಾಲಿಗೆ ಆಣಿ ಆಗುವ ಹಾಗೆ ಕೂಗಿ ಕೂಗಿ ಆಗಿರುವುದಂತೆ. ತಿಂಗಳ ಕೊನೆಯವರೆಗೆ ಒಂದು ಮಾತೂ ಆಡಕೂಡದು, ಪಿಸುಗುಟ್ಟುವುದಂತೂ ಕೂಡದೇ ಕೂಡದು. ಗಂಟು ಕರಗಿದರೆ ಸರಿ. ಕರಗದಿದ್ದರೆ ಕತ್ತರಿಸಬೇಕು. ಆಮೇಲೆ ಕೊನೆಯ ಬೆಂಚಿಗೆ ಮುಟ್ಟುವ ಧ್ವನಿ ಉಳಿಯುತ್ತದೆಂದು ಭರವಸೆ ಕೊಡಲಾರೆ ಎಂದರು.

ನನಗೆ ಭಯವಾಗಿದೆ. ಇಲ್ಲಿ ಬರೆದುಕೊಳ್ಳಲು ನಾಚಿಕೆಯೇನು? ಮಕ್ಕಳಿಗೆ ಪೌರನೀತಿ ಹೇಳಿಕೊಡುವುದು ಬಿಟ್ಟು ನನಗೆ ಬೇರೆ ವಿದ್ಯೆ ಬರುವುದಿಲ್ಲ. ನಾನು ಪಾಠ ಮಾಡಿದರೆ ಪಕ್ಕದ ತರಗತಿಯವರೂ ಪಾಸಾಗುತ್ತಾರೆ ಎಂದು ಸಹೋದ್ಯೋಗಿಗಳು ಗೇಲಿ ಮಾಡುವುದುಂಟು, ನನಗದು ಹೆಮ್ಮೆಯೇ.

ಇವರು ಡಾಕ್ಟರ ಮುಂದೆ ಬಹಳ ಗಂಭೀರವಾಗಿ ಕುಳಿತಿದ್ದರು. ಬಸ್ಸು ಹತ್ತಿದ ಮೇಲೆ, "ಒಂದು ತಿಂಗಳು ಸಾಕಾ ಅಂತ ಇನ್ನೊಂದ್ಸಲ ಕೇಳ್ಬೇಕಿತ್ತು ಕಣೇ" ಎಂದರು. ಬಾಯಿ ಇಲ್ಲದಿದ್ದರೇನು, ಉಗುರಿದೆ. ತೋಳಿಗೆ ಚಿವುಟಿದೆ. ಆಮೇಲೆ ಮನೆ ಬರುವವರೆಗೆ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದರು.

ಹೊಟ್ಟೆಯಲ್ಲಿ ಊದಿಕೊಳ್ಳುವ ಮಾತನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೇ ಈ ದಿನಚರಿ.

ಸೆಪ್ಟೆಂಬರ್ 3, ಬುಧವಾರ

ಕೊರಳಿಗೆ ದಾರ ಕಟ್ಟಿದ ಪುಟ್ಟ ಸ್ಲೇಟು, ಜೇಬಿನಲ್ಲಿ ಬಳಪ. ಶಾಲೆಗೆ ಮೊದಲ ದಿನ ಹೋಗುವ ಮಗುವಿನ ಹಾಗೆ ಕಂಡೆನಂತೆ. ಹಾಗೆಂದವರು ಅತ್ತೆ. ಅವರಿಗೆ ಕಿವಿ ಮಂದ, ನನಗೆ ಬಾಯಿಲ್ಲ. ನಮ್ಮ ಮನೆಯಲ್ಲಿ ಅತ್ತೆ ಸೊಸೆಗೆ ಇಷ್ಟು ಒಮ್ಮತ ಹಿಂದೆಂದೂ ಇರಲಿಲ್ಲ.

ನನ್ನ ಪಾಠಗಳನ್ನೆಲ್ಲ ಹೆಡ್‌ಮಾಸ್ಟರು ಬೇರೆಯವರಿಗೆ ಹಂಚಿದರು. ಒಂಬತ್ತನೆಯ ತರಗತಿಯ ಸೇವಾ ಅವಧಿಯೊಂದನ್ನು ಮಾತ್ರ ನನಗೇ ಉಳಿಸಿದರು. ಅದನ್ನು ಬೇರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಪ್ರತಿ ಶುಕ್ರವಾರ ಮಕ್ಕಳು ಸಭೆ ಸೇರಿ, ಕಷ್ಟದಲ್ಲಿರುವವರಿಗೆ ಏನು ಮಾಡಬಹುದೆಂದು ಚರ್ಚಿಸಿ, ಕೈ ಎತ್ತಿ ತೀರ್ಮಾನ ಮಾಡಿ, ತಾವೇ ಅದನ್ನು ನಡೆಸಬೇಕು. ಒಳ್ಳೆಯ ಗುಣ ಬೆಳೆದು ಒಳ್ಳೆಯ ಪ್ರಜೆಗಳು ಹೀಗೆ ತಯಾರಾಗುತ್ತಾರೆ ಎಂಬುದು ಮೇಲಿನವರ ಆಲೋಚನೆ. ಇಷ್ಟು ವರ್ಷ ನಾನು ಹೇಳುತ್ತಿದ್ದೆ, ಅವರು ಕೈ ಎತ್ತುತ್ತಿದ್ದರು. ಪ್ರಜಾಪ್ರಭುತ್ವ ಚೆನ್ನಾಗಿಯೇ ನಡೆಯುತ್ತಿತ್ತು.

ಈ ಸಲದ ನನ್ನ ಯೋಜನೆ ಬೇಸಿಗೆಯಲ್ಲೇ ಸಿದ್ಧವಾಗಿತ್ತು. ನದಿಯ ಬದಿಯ ಹಳೆಯ ಐದಂತಸ್ತಿನ ಕಟ್ಟಡ ಬಿರುಕು ಬಿಟ್ಟು, ಅಲ್ಲಿದ್ದವರೆಲ್ಲ ಈಗ ಕ್ರೀಡಾಭವನದಲ್ಲಿ ಮಂಚ ಹಾಕಿಕೊಂಡಿದ್ದಾರೆ. ಅಲ್ಲಿನ ಮಕ್ಕಳಿಗೆ ಹೊಸ ಶಾಲಾಚೀಲ ಕೊಡುವುದು, ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ನಮ್ಮ ಶಾಲೆಯ ಹೆಸರು ಅಚ್ಚು ಹಾಕಿಸುವುದು. ಹೆಡ್‌ಮಾಸ್ಟರು ಮುದ್ರಕನಿಗೆ ಆಗಲೇ ಹೇಳಿಟ್ಟಿದ್ದಾರೆ. ತಿಂಗಳ ಕೊನೆಗೆ ಶಿಕ್ಷಣಾಧಿಕಾರಿಗಳು ಬರುತ್ತಾರೆ, ಫೋಟೋ ಆಗುತ್ತದೆ.

ಸೆಪ್ಟೆಂಬರ್ 5, ಶುಕ್ರವಾರ

ಸಭೆಯೋ ಸಂತೆಯೋ ತಿಳಿಯಲಿಲ್ಲ. ನನ್ನ ಯೋಜನೆಯನ್ನು ಕಪ್ಪುಹಲಗೆಯ ಮೇಲೆ ಅಂದವಾಗಿ ಬರೆದಿಟ್ಟಿದ್ದೆ. ಯಾರೂ ಓದಲಿಲ್ಲ. ಟೀಚರಿಗೆ ಮಾತಿಲ್ಲ ಎಂಬ ಸುದ್ದಿ ಅವರಿಗೆ ಹಬ್ಬವಾಗಿತ್ತು.

ಕೊನೆಗೆ ಅವರೇ ಒಬ್ಬ ಅಧ್ಯಕ್ಷನನ್ನು ಆರಿಸಿಕೊಂಡರು, ಅದೂ ತಮಾಷೆಗೆ. ಎಲ್ಲಿಗಾದರೂ ಎಲ್ಲರಿಗಿಂತ ಕೊನೆಗೆ ಬರುವ, ಒಂದು ವಾಕ್ಯಕ್ಕೆ ಎರಡು ಸಲ ನಿಂತು ಸುಧಾರಿಸಿಕೊಳ್ಳುವ ಹುಡುಗ. ಅವನನ್ನು ಎಲ್ಲರೂ ಆಮೆ ಎನ್ನುತ್ತಾರೆ, ಅವನಿಗೂ ಬೇಸರವಿಲ್ಲ. ಆಮೆ ಬಂದು ನನ್ನ ಮೇಜಿನ ಹಿಂದೆ ನಿಂತ. ಒಬ್ಬೊಬ್ಬರನ್ನೇ ನೋಡಿದ. ಇವನು ಏನಾದರೂ ಹೇಳಲಿ ಎಂದು ಕಾದು ಕಾದು ಎಲ್ಲರೂ ಸುಮ್ಮನಾದರು. ನಾನು ಡಸ್ಟರ್ ಬಡಿದೂ ಸಾಧಿಸದ್ದನ್ನು ಅವನು ನಿಧಾನದಿಂದಲೇ ಸಾಧಿಸಿದ, ಒಪ್ಪಬೇಕು.

ಆಗ ಲಾಯರ್ ಎದ್ದಳು. ಎರಡನೆಯ ಬೆಂಚಿನ ಈ ಹುಡುಗಿಗೆ ಆ ಹೆಸರಿಟ್ಟವಳು ನಾನೇ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದರೆ ಸಾಕ್ಷಿ ಯಾರು ಎಂದು ಕೇಳುವವಳು. ಅವಳ ಸೂಚನೆ ಏನೆಂದರೆ, ಕೈ ಎತ್ತಿ ಎಣಿಸಿದ ಮೇಲೆ ಸಭೆ ಮುಗಿಯಕೂಡದು. ಸೋತವರು ಯಾಕೆ ಬೇಡ ಅಂದರು ಎಂದು ಹೇಳಬೇಕು, ಗೆದ್ದವರು ಮಧ್ಯೆ ಬಾಯಿ ಹಾಕದೆ ಕೇಳಬೇಕು. ಕೇಳಿದ ಮೇಲೆ ಯಾರಿಗಾದರೂ ಮನಸ್ಸು ಬದಲಾದರೆ ಇನ್ನೊಮ್ಮೆ ಎಣಿಸಬೇಕು. ಅದಕ್ಕೆ "ಸೋತವರ ಮಾತು" ಎಂದು ಹೆಸರನ್ನೂ ಇಟ್ಟಳು.

ಇದು ಬೆಳೆಯುವ ಬಳ್ಳಿ ಎಂದು ನನಗೆ ಕೂಡಲೇ ಗೊತ್ತಾಯಿತು. ಸ್ಲೇಟು ಎಳೆದುಕೊಂಡು "ಬೇಡ, ಸಮಯವಿಲ್ಲ" ಎಂದು ಬರೆಯತೊಡಗಿದೆ. ಬರೆದು ತಲೆ ಎತ್ತುವಷ್ಟರಲ್ಲಿ ಕೈಗಳೆಲ್ಲ ಎದ್ದು ಇಳಿದಾಗಿತ್ತು. ನಿಯಮ ಪಾಸು.

ಹಲಗೆಯ ಮೇಲಿದ್ದದ್ದನ್ನು ಆಮೆ ಓದಿ ಹೇಳಿದ ಮೇಲೆ, ಚೀಲದ ವಿಷಯಕ್ಕೆ ಇಡೀ ತರಗತಿ ಕೈ ಎತ್ತಿತು, ಲಾಯರ್ ಒಬ್ಬಳನ್ನು ಬಿಟ್ಟು. ಸೋತವರ ಮಾತು ಹೇಳು ಎಂದ ಆಮೆ. ಅವಳು ಎದ್ದು ನಿಂತು, "ಚೀಲ ಕೊಡಿ. ಹೆಸರು ಬೇಡ" ಎಂದಳು. ಯಾಕೆ ಎಂದು ಅವನು ಕೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಹಾಗಾಗಿ ಅವಳ ಮಾತು ಮುಂದಿನ ವಾರಕ್ಕೆ ಬಾಕಿ.

ನಾನು ಮಾತಾಡುವಂತಿದ್ದರೆ ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು.

ಸೆಪ್ಟೆಂಬರ್ 9, ಮಂಗಳವಾರ

ಇವರಿಗೆ ಏನಾಗಿದೆಯೋ. ಊಟಕ್ಕೆ ಕುಳಿತಾಗ ತಮ್ಮ ಕಾರ್ಖಾನೆಯ ಹೊಸ ಮೇಲ್ವಿಚಾರಕನ ಬಗ್ಗೆ ಹೇಳಿದರು, ತಾವು ಒಮ್ಮೆ ಕೆಲಸ ಬಿಡಬೇಕೆಂದಿದ್ದ ಬಗ್ಗೆ ಹೇಳಿದರು. ನನಗೆ ಗೊತ್ತೇ ಇರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಸ್ಲೇಟಿನಲ್ಲಿ ಬರೆದೆ. "ಹೇಳೋಕೆ ಶುರು ಮಾಡಿದ್ದೆ" ಎಂದು ನಕ್ಕು ತಟ್ಟೆ ತೊಳೆಯಲು ಎದ್ದರು.

ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆಯೇ ಇದೆ. ಕರಗುವ ಲಕ್ಷಣ ಕಾಣೆ.

ಸೆಪ್ಟೆಂಬರ್ 12, ಶುಕ್ರವಾರ

ಲಾಯರ್ ಇಂದು ತನ್ನ ಮಾತು ಮುಗಿಸಿದಳು. ಸಣ್ಣವಳಿದ್ದಾಗ ಅವರ ಮನೆಗೆ ಬೆಂಕಿ ಬಿದ್ದಿತ್ತಂತೆ. ಯಾವುದೋ ಸಂಘದವರು ಬಂದು ಬಟ್ಟೆ ಕೊಟ್ಟರು. ಅವಳ ಪಾಲಿಗೆ ಒಂದು ಒಳ್ಳೆಯ ಕೋಟು ಬಂತು, ಬೆನ್ನ ತುಂಬ ಸಂಘದ ಹೆಸರಿತ್ತು. ಆಗಿನ ಶಾಲೆಯ ಮಕ್ಕಳು ಅವಳನ್ನು ಆ ಸಂಘದ ಹೆಸರು ಹಿಡಿದೇ ಕರೆಯುತ್ತಿದ್ದರು. ಅವಳಮ್ಮ ಸೂಜಿಯಿಂದ ಅಕ್ಷರ ಬಿಚ್ಚಲು ನೋಡಿದಳು, ಬಟ್ಟೆಯೇ ಹರಿಯಿತು.

"ಚಳಿ ಹೋಯ್ತು" ಎಂದಳು. "ಹೆಸರು ಹೋಗ್ಲಿಲ್ಲ."

ಇಷ್ಟೆಲ್ಲ ಹೇಳುವಾಗ ಅವಳ ದನಿಯಲ್ಲಿ ಎಂದಿನ ಜಗಳ ಇರಲಿಲ್ಲ. ಈ ಹುಡುಗಿ ಎರಡು ವರ್ಷದಿಂದ ನನ್ನ ಮುಂದೆ ಕುಳಿತಿದ್ದಾಳೆ. ಅವಳು ಬಾಯಿ ತೆರೆದಾಗಲೆಲ್ಲ ಕುಳಿತುಕೋ ಎಂದಿದ್ದೇನೆಯೇ ಹೊರತು ಪೂರ್ತಿ ಕೇಳಿಸಿಕೊಂಡದ್ದು ಇಂದೇ ಇರಬೇಕು. ಬೇರೆ ದಾರಿ ಇರಲಿಲ್ಲ.

ಮತ್ತೆ ಎಣಿಸಿದಾಗ ನನ್ನ ಚೀಲಗಳಿಗೆ ಎದ್ದದ್ದು ನಾಲ್ಕಾರು ಕೈ. ಹಾಗಾದರೆ ಅವರಿಗೆ ಕೊಡುವುದೇನು ಎಂದು ಒಬ್ಬ ಕೇಳಿದ. ಬಣ್ಣದ ಪೆನ್ಸಿಲು, ಚೆಂಡು, ಕಂಬಳಿ ಎಂದು ಮತ್ತೆ ಗದ್ದಲ. ಆಮೆ ಬಹಳ ಹೊತ್ತು ಗೋಡೆ ನೋಡಿ, "ಅವ್ರನ್ನ ಯಾರಾದ್ರೂ... ಕೇಳಿದೀರಾ?" ಎಂದ.

ಯಾರೂ ಕೇಳಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಆಗಲೇ ಸ್ವಚ್ಛವಾಗಿದ್ದ ಸ್ಲೇಟನ್ನು ಇನ್ನೊಮ್ಮೆ ಒರೆಸಿದೆ.

ಸೆಪ್ಟೆಂಬರ್ 15, ಸೋಮವಾರ

ಹೆಡ್‌ಮಾಸ್ಟರು ಕೋಣೆಗೆ ಕರೆಸಿದರು. ಮುದ್ರಕನಿಗೆ ಮುಖ ತೋರಿಸುವುದು ಹೇಗೆ, ಅಧಿಕಾರಿಗಳಿಗೆ ಹೇಳುವುದೇನು, ಮಕ್ಕಳು ಕುಣಿದ ಹಾಗೆ ನೀವೂ ಕುಣಿದರೆ ಹೇಗೆ ಎಂದೆಲ್ಲ ಒಂದೇ ಉಸಿರಿನಲ್ಲಿ ಅಂದರು. ಕ್ರೀಡಾಭವನದವರಿಗೆ ಏನು ಬೇಕೆಂದು ಮಕ್ಕಳು ಹೋಗಿ ಕೇಳುತ್ತಾರಂತೆ ಎಂದು ಬರೆದು ತೋರಿಸಿದೆ. "ಕೋಳಿ ಕೇಳಿ ಮಸಾಲೆ ಅರೀತಾರಾ ಟೀಚರ್?" ಎಂದರು. ಕೊಡುವವರ ಬಾಯಲ್ಲಿ ಆ ಗಾದೆ ಹೇಗೆ ಕೇಳಿಸುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆದದ್ದು ಮೆಟ್ಟಿಲು ಇಳಿಯುವಾಗ.

"ನೀವು ಒಂದು ಮಾತು ಹೇಳಿದ್ರೆ ಸಾಕು, ಹುಡುಗ್ರು ಬಾಲ ಮುದುರ್ಕೊಂಡು ಕೂತ್ಕೋತಾರೆ" ಎಂದೂ ಅಂದರು. ಆ ಒಂದು ಮಾತೇ ಅಲ್ಲವೇ ಡಾಕ್ಟರು ಕಟ್ಟಿಹಾಕಿರುವುದು.

ಏನಾದರೂ ನೆಪ ಬರೆಯೋಣವೆಂದರೆ ಸ್ಲೇಟಿನಲ್ಲಿ ಜಾಗ ಸಾಲದು. "ಮಕ್ಕಳ ತೀರ್ಮಾನ" ಎಂದಷ್ಟೇ ಬರೆದೆ. ಅಧಿಕಾರಿಗಳು ಮೂವತ್ತಕ್ಕೆ ಬರುತ್ತಾರೆ, ಅಷ್ಟರೊಳಗೆ ತೋರಿಸುವಂಥದ್ದು ಏನಾದರೂ ಇರಬೇಕು, ಇಲ್ಲದಿದ್ದರೆ ಸೇವಾ ಅವಧಿಯನ್ನೂ ಬೇರೆಯವರಿಗೆ ಕೊಡುತ್ತೇನೆ ಎಂದರು. ಅದೂ ಹೋದರೆ ಈ ಶಾಲೆಯಲ್ಲಿ ನನಗೆ ಉಳಿಯುವುದು ಕುರ್ಚಿ ಮಾತ್ರ.

ಸೆಪ್ಟೆಂಬರ್ 17, ಬುಧವಾರ

ಸಂಜೆ ಮಕ್ಕಳೊಂದಿಗೆ ಕ್ರೀಡಾಭವನಕ್ಕೆ ಹೋಗಿದ್ದೆ. ಆಟದ ಅಂಕಣದ ತುಂಬ ಮಂಚಗಳು. ಬಣ್ಣದ ಗೆರೆಗಳೇ ಈಗ ಅವರ ಬೀದಿಗಳು. "ನಾವು ಬಿಳಿ ಗೆರೆ ಮೂಲೆಯೋರು", "ಅವ್ರು ಗೋಲುಕಂಬದ ಮನೆಯೋರು" ಎಂದು ವಿಳಾಸ ಹೇಳುತ್ತಾರೆ. ಬ್ಯಾಸ್ಕೆಟ್‌ಬಾಲಿನ ಬಳೆಯಿಂದ ಬಳೆಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದಾರೆ. ಬಾಗಿಲ ಬಳಿ ದಾನ ಬಂದ ಬಟ್ಟೆ ಎದೆಯೆತ್ತರ ಬಿದ್ದಿದೆ. ಏನು ಬೇಕು ಎಂದು ಮಕ್ಕಳು ಕೇಳಿದ್ದಕ್ಕೆ ಒಬ್ಬ ಅಜ್ಜ, ದರ್ಜಿ, "ಮೊದ್ಲು ಅದನ್ನ ಒಯ್ದುಬಿಡಿ, ದಾರಿಯಾದ್ರೂ ಆಗ್ಲಿ" ಎಂದ.

ಆ ದರ್ಜಿ ನನ್ನ ಕೊರಳ ಸ್ಲೇಟು ನೋಡಿ ನಾನು ಹುಟ್ಟುಮೂಗಿ ಎಂದುಕೊಂಡಿದ್ದಾನೆ. ತಾನೂ ಮಾತು ಬಿಟ್ಟು ಕೈಸನ್ನೆಯಲ್ಲೇ ತನ್ನ ಹೊಲಿಗೆ ಯಂತ್ರ ಮೂರನೆಯ ಅಂತಸ್ತಿನಲ್ಲೇ ಉಳಿದ ಕಥೆ ಹೇಳಿದ. ನಾನೂ ಸನ್ನೆಯಲ್ಲೇ ಲೊಚಗುಟ್ಟಿದೆ.

ಅವರ ನಿಜವಾದ ಕಷ್ಟ ಗೊತ್ತಾದದ್ದು ನಾವು ಹೊರಡುವ ಹೊತ್ತಿಗೆ. ಇಡೀ ಭವನದ ದೀಪಗಳಿಗೆಲ್ಲ ಇರುವುದು ಒಂದೇ ಸ್ವಿಚ್ಚು. ಹಾಕಿದರೆ ಆಟಕ್ಕೆ ಬೇಕಾದಷ್ಟು ಬೆಳಕು, ಆರಿಸಿದರೆ ಗವಿ. ಬ್ರೆಡ್ ಸುಡುವ ಕೆಲಸದವನು ನಸುಕಿಗೇ ಏಳಬೇಕು, ಅವನಿಗೆ ಬೇಗ ಕತ್ತಲೆ ಬೇಕು. ಪರೀಕ್ಷೆ ಇರುವ ಮಕ್ಕಳಿಗೆ ಬೆಳಕು ಬೇಕು. ಕೂಸುಗಳ ತಾಯಂದಿರಿಗೆ ಕತ್ತಲೆ. ಗೋಲುಕಂಬದ ಬಳಿಯ ಲಾರಿ ಚಾಲಕನೊಬ್ಬ ಆರಿಸಿದ ದೀಪವನ್ನು ಎದ್ದು ಹೋಗಿ ಹಾಕುತ್ತಾನೆ, ಯಾಕೆಂದು ಕೇಳಿದರೆ ಗುರುಗುಟ್ಟುತ್ತಾನೆ. ನಾವು ನೋಡುತ್ತಿದ್ದಂತೆಯೇ ಸ್ವಿಚ್ಚಿನ ಮುಂದೆ ಜಗಳ ಶುರುವಾಯಿತು. ಮನೆ ಬಿರುಕು ಬಿಟ್ಟದ್ದು ಒಂದು ಸಲ, ಇಲ್ಲಿ ದಿನಾ ಬಿಡುತ್ತಿದೆ ಎಂದು ದರ್ಜಿ ಮಕ್ಕಳಿಗೆ ಹೇಳಿದ.

ಹಿಂದಿರುಗುವಾಗ ಮಕ್ಕಳು ಎಂದಿನ ಹಾಗೆ ಕಿರುಚಾಡಲಿಲ್ಲ. ಲಾಯರ್ ಮತ್ತು ಆಮೆ ಹಿಂದೆ ಉಳಿದು ಏನೋ ವಾದ ಮಾಡುತ್ತಾ ಬರುತ್ತಿದ್ದರು. ಅಂದರೆ ಅವಳು ವಾದ ಮಾಡುತ್ತಿದ್ದಳು, ಅವನು ಬರುತ್ತಿದ್ದ.

ಸೆಪ್ಟೆಂಬರ್ 19, ಶುಕ್ರವಾರ

ಮಂಚಕ್ಕೆ ಸಿಕ್ಕಿಸುವ ಪುಟ್ಟ ದೀಪಗಳು, ಮನೆಗೊಂದರಂತೆ. ಚೀಲಕ್ಕೆಂದು ಇಟ್ಟ ಹಣ ಅದಕ್ಕೆ ಸಾಕಾಗುತ್ತದೆ. ಹೆಸರಿಲ್ಲ, ಅಚ್ಚಿಲ್ಲ. ಇಷ್ಟಕ್ಕೆ ಎಲ್ಲರ ಕೈ ಎದ್ದಿತು, ನನ್ನದೂ. ಕೈ ಎತ್ತಬಹುದೋ ಬಾರದೋ ಎಂದು ಅನುಮಾನಿಸಿ ಆಮೆಯ ಮುಖ ನೋಡಿದೆ, ಅವನು ಎಣಿಸಿಕೊಂಡ.

ಎರಡನೆಯ ಸೂಚನೆ ಲಾಯರ್‌ಳದು. ದೀಪ ಕೊಟ್ಟರೆ ಸಾಲದು, ದೊಡ್ಡ ಸ್ವಿಚ್ಚಿನ ಜಗಳ ಹಾಗೇ ಇರುತ್ತದೆ. ನಾವು ಇಲ್ಲಿ ಸಭೆ ನಡೆಸುವ ಹಾಗೆ ಅಲ್ಲಿಯೂ ನಡೆಸಿಕೊಡೋಣ ಎಂದಳು. ಈ ಸಲ ನಾನು ಸ್ಲೇಟಿನ ಮೇಲೆ ಬೇಗನೆ ಬರೆದೆ: "ದೊಡ್ಡವರ ಜಗಳಕ್ಕೆ ಮಕ್ಕಳ ಪಂಚಾಯಿತಿಯೇ?" ಎಲ್ಲರೂ ಓದಿದರು. ಆಮೇಲೆ ಕೈ ಎತ್ತಿ ನನ್ನನ್ನು ಸೋಲಿಸಿದರು. ನನ್ನ ಜೊತೆಗಿದ್ದದ್ದು ಆ ಹೊತ್ತಿಗೆ ತೂಕಡಿಸುತ್ತಿದ್ದ ಒಬ್ಬ ಹುಡುಗ ಮಾತ್ರ, ಅವನು ಯಾವುದಕ್ಕೆ ಕೈ ಎತ್ತಿದನೋ ಅವನಿಗೇ ಗೊತ್ತಿಲ್ಲ.

ಸಿಟ್ಟು ಬಂತು. ಮುಖ ತಿರುಗಿಸಿ ಕುಳಿತೆ. ಆಗ ಆಮೆ, "ಟೀಚರ್... ಸೋತವರ ಮಾತು" ಎಂದ.

ನಾನು ಬರೆದೆ. ಸ್ಲೇಟು ತುಂಬಿತು, ತೋರಿಸಿದೆ, ಒರೆಸಿದೆ, ಮತ್ತೆ ಬರೆದೆ. ಅಷ್ಟು ಹೊತ್ತೂ ತರಗತಿಯಲ್ಲಿ ಬಳಪದ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ನಾನು ಕೂಗದೆ ಇವರು ಸುಮ್ಮನೆ ಕುಳಿತದ್ದನ್ನು ನಾನು ಕಂಡಿಲ್ಲ. ನಾನು ಬರೆದದ್ದು ಇಷ್ಟು: ಕರೆಯದ ಮನೆಗೆ ನ್ಯಾಯ ಹೇಳಲು ಹೋದರೆ ಅದೂ ಬೆನ್ನ ಮೇಲೆ ಹೆಸರು ಬರೆದ ಹಾಗೆಯೇ. ಲಾಯರ್ ಸ್ಲೇಟನ್ನು ಎರಡು ಸಲ ಓದಿದಳು. ಅವರು ಕರೆದರೆ ಮಾತ್ರ ಹೋಗುವುದು ಎಂದು ತಾನೇ ತಿದ್ದುಪಡಿ ತಂದಳು, ಅದು ಪಾಸಾಯಿತು.

ಸೋತು ಬಂದವಳಿಗೆ ಇಷ್ಟು ಹಸಿವಾಗಬಾರದು. ಎರಡು ಸಲ ಬಡಿಸಿಕೊಂಡು ಉಂಡೆ.

ಸೆಪ್ಟೆಂಬರ್ 23, ಮಂಗಳವಾರ

ದರ್ಜಿಯಜ್ಜ ಶಾಲೆಯ ಗೇಟಿಗೆ ಬಂದಿದ್ದ. ಎರಡು ಕೈ ಜೋಡಿಸಿ, ಬಾಯಿ ತೋರಿಸಿ, ದೀಪ ಆರಿಸುವ ಹಾಗೆ ಬೆರಳು ಆಡಿಸಿ, ಮಕ್ಕಳನ್ನು ಕರೆತನ್ನಿ ಎಂದು ಸನ್ನೆ ಮಾಡಿದ. ಮಕ್ಕಳು ಸಭೆಯ ವಿಷಯ ತಿಳಿಸಿ ಬಂದಿದ್ದರು. ಅಲ್ಲಿಯವರು ಮೊದಲು ನಕ್ಕು, ಆಮೇಲೆ ಒಪ್ಪಿದ್ದಾರೆ. ಶುಕ್ರವಾರ ಸಂಜೆ.

ಬೆಳಿಗ್ಗೆ ಕಾಲಿನ ಕಿರುಬೆರಳು ಬಾಗಿಲಿಗೆ ಬಡಿದು ಪ್ರಾಣ ಹೋದ ಹಾಗಾಯಿತು. ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಇಷ್ಟು ದಿನ ಕಾಪಾಡಿಕೊಂಡದ್ದನ್ನು ಒಂದು "ಅಯ್ಯೋ"ಗೆ ಕಳೆದುಕೊಳ್ಳಲಾರೆ. ಸೋಮವಾರ ಡಾಕ್ಟರ ಬಳಿ ಹೋಗಬೇಕು.

ಸೆಪ್ಟೆಂಬರ್ 26, ಶುಕ್ರವಾರ

ಇಂದಿನದನ್ನು ಪೂರ್ತಿ ಬರೆಯಬೇಕು.

ಆಮೆಯನ್ನು ಅಂಪೈರನ ಎತ್ತರದ ಕುರ್ಚಿಯ ಮೇಲೆ ಕೂರಿಸಿದ್ದರು. ಭವನದವರೆಲ್ಲ ಮಂಚಗಳ ಮೇಲೆ, ಗೆರೆಗಳ ಮೇಲೆ ಕುಳಿತರು. ಕಿಟಕಿಗಳು ಮೇಲೆಲ್ಲೋ ಇರುವುದರಿಂದ ಆಗಲೇ ದೊಡ್ಡ ದೀಪ ಹಾಕಿತ್ತು. ಒಬ್ಬೊಬ್ಬರಾಗಿ ಮಾತಾಡಿದರು. ದೊಡ್ಡವರು ಮಧ್ಯೆ ಬಾಯಿ ಹಾಕಿದಾಗ ಆಮೆ ಏನೂ ಹೇಳದೆ ಅವರನ್ನೇ ನೋಡುತ್ತಿದ್ದ, ಅವರು ನಾಚಿಕೊಂಡು ಸುಮ್ಮನಾಗುತ್ತಿದ್ದರು. ನನಗೆ ಹೆಮ್ಮೆಯಾಯಿತು. ರಾತ್ರಿ ಒಂಬತ್ತಕ್ಕೆ ದೊಡ್ಡ ದೀಪ ಆರಿಸುವುದು, ಓದುವವರು ಪುಟ್ಟ ದೀಪ ಹಾಕಿಕೊಳ್ಳುವುದು ಎಂಬುದಕ್ಕೆ ಹೆಚ್ಚು ಕೈ ಎದ್ದವು. ಲಾರಿ ಚಾಲಕ ಮತ್ತು ಅವನ ಸುತ್ತಿನ ಕೆಲವರು ಎತ್ತಲಿಲ್ಲ.

ಲಾಯರ್ ಎದ್ದು ನಮ್ಮ ತರಗತಿಯಲ್ಲಿ ಹೇಳುವ ಹಾಗೆಯೇ, "ಈಗ ಸೋತವರ ಮಾತು" ಎಂದಳು.

ಆ ಹೆಸರು ಇಲ್ಲಿಯವರ ಕಿವಿಗೆ ಹೇಗೆ ಬೀಳುತ್ತದೆ ಎಂದು ನಮ್ಮಲ್ಲಿ ಯಾರಿಗೂ ಮೊದಲೇ ಹೊಳೆದಿರಲಿಲ್ಲ, ನನಗೂ. ಚಾಲಕ ಧಡಕ್ಕನೆ ಎದ್ದ. "ಯಾರು ಸೋತವರು? ಮನೆ ಕಳ್ಕೊಂಡಿದ್ದು ಸಾಲ್ದು ಅಂತ ಇಲ್ಲೂ ಬಂದು ಸೋಲಿಸ್ತೀರಾ?" ಎಂದ. ಅವನು ಲಾಯರ್‌ಳ ಕಡೆಗೆ ನಾಲ್ಕು ಹೆಜ್ಜೆ ನಡೆದ. ಬ್ರೆಡ್ಡಿನವನು ಅವನನ್ನು ತಡೆದ, ಅವನು ತಳ್ಳಿದ, ಎಲ್ಲರೂ ಎದ್ದರು, ಕೂಸುಗಳು ಅತ್ತವು. ಅವಳು ಜಾಗ ಬಿಟ್ಟು ಕದಲಲಿಲ್ಲ, ಆದರೆ ಮುಖ ಬಿಳಿಚಿಕೊಂಡಿತ್ತು.

ಕೂಗು ನನ್ನ ಗಂಟಲ ತನಕ ಬಂತು. ಬಾಯಿ ತೆರೆದದ್ದೂ ನೆನಪಿದೆ. ಒಂದು ಕೂಗು ಹಾಕಿದ್ದರೆ ಆ ಭವನ ನಡುಗುತ್ತಿತ್ತು, ಬಹುಶಃ ಅದೇ ನನ್ನ ಕೊನೆಯ ಕೂಗೂ ಆಗುತ್ತಿತ್ತು. ನಾನು ಕೂಗಲಿಲ್ಲ. ಗೋಡೆಯ ಬದಿಗೇ ನಿಂತಿದ್ದೆ, ಕೈ ಚಾಚಿ ಸ್ವಿಚ್ಚು ಆರಿಸಿದೆ.

ಕತ್ತಲೆಯಾದದ್ದೇ ತಡ, ಎಲ್ಲರೂ ತಟ್ಟನೆ ನಿಂತರು. ಉಪಾಯ ಫಲಿಸಿತು ಎಂದುಕೊಂಡೆ. ಆ ನಿಶ್ಶಬ್ದದಲ್ಲಿ ಗೋಲುಕಂಬದ ಕಡೆಯಿಂದ ಒಂದು ಮಗು ಚೀರಿತು. ಅದು ಹಟದ ಅಳುವಲ್ಲ. ಅಂಥ ಚೀರಾಟ ನಾನು ಕೇಳಿಲ್ಲ. ಕತ್ತಲೆಯಲ್ಲಿ ಸ್ವಿಚ್ಚು ಸಿಗಲಿಲ್ಲ, ಹುಡುಕಿ ಹಾಕುವಷ್ಟರಲ್ಲಿ ಚಾಲಕ ಮಂಚಗಳನ್ನು ದಾಟಿ ಓಡಿ, ನಾಲ್ಕೈದು ವರ್ಷದ ಮಗನನ್ನು ಎದೆಗವಚಿಕೊಂಡಿದ್ದ. ಮಗು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಿತ್ತು.

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಮೆ ಕುರ್ಚಿಯಿಂದ ಇಳಿದ, ಅವನ ವೇಗದಲ್ಲೇ ನಡೆದು ಹೋಗಿ ಚಾಲಕನ ಮುಂದೆ ನೆಲದ ಮೇಲೆ ಕುಳಿತ. ಲಾಯರ್ ಹೋಗಿ ಅವನ ಪಕ್ಕ ಕುಳಿತಳು.

"ಮಾವ, ಸೋತವರು ಅಂದಿದ್ದು ನಂದು ತಪ್ಪು" ಎಂದಳು. "ನಿಮ್ಮ ಮಾತು ಬಾಕಿ ಇದೆ. ಹೇಳಿ, ನಾವು ಕೇಳ್ತೀವಿ."

ಅವನು ಮಗುವಿನ ಬೆನ್ನು ಸವರುತ್ತಲೇ ಹೇಳಿದ. ಕಟ್ಟಡ ಬಿರಿದಾಗ ವಿದ್ಯುತ್ತು ಹೋಗಿ, ಅವರು ಐದಂತಸ್ತು ಕತ್ತಲೆಯಲ್ಲೇ ಇಳಿದರಂತೆ. ಜನರ ನೂಕಾಟದಲ್ಲಿ ಮಗನ ಕೈ ತಪ್ಪಿತು. ಸಿಕ್ಕಿದ್ದು ಬೀದಿಗೆ ಬಂದ ಮೇಲೆ, ಇನ್ಯಾರದೋ ತೋಳಿನಲ್ಲಿ. ಅಂದಿನಿಂದ ಕತ್ತಲೆಯಾದರೆ ಹೀಗೆ. "ಗಂಡಸಾಗಿ ಹುಡುಗನ ಕೈ ಬಿಟ್ಟು ಕತ್ಲೆಗೆ ಹೆದರೋ ಹಾಗೆ ಮಾಡಿದೀನಿ ಅಂತ ಹೇಗೆ ಹೇಳ್ಕೊಳ್ಳಿ" ಎಂದ. "ಅದಕ್ಕೇ ಎದ್ದು ದೀಪ ಹಾಕ್ತಿದ್ದೆ."

ಮೊದಲು ಎದ್ದವನು ಬ್ರೆಡ್ಡಿನವನು. ನಾವು ತಂದಿದ್ದ ಪೆಟ್ಟಿಗೆಯಿಂದ ಒಂದು ಪುಟ್ಟ ದೀಪ ತೆಗೆದು, ಗೋಲುಕಂಬದ ಮಂಚಕ್ಕೆ ಸಿಕ್ಕಿಸಿ, ಹಾಕಿ, ಆರಿಸಿ, ಮತ್ತೆ ಹಾಕಿ ನೋಡಿದ. ಮಗು ಕೈ ಚಾಚಿ ತಾನೂ ಒತ್ತಿತು. ಆಮೇಲೆ ಅದನ್ನು ಬಿಡಿಸಲು ಆಗಲಿಲ್ಲ. ಹಾಕುವುದು, ಆರಿಸುವುದು, ಎಲ್ಲರ ಮುಖ ನೋಡುವುದು. ಒಂಬತ್ತಕ್ಕೆ ದೊಡ್ಡ ದೀಪ ಆರಿಸುವುದು, ಗೋಲುಕಂಬದ ಪುಟ್ಟ ದೀಪ ಬೆಳಗಿನವರೆಗೂ ಉರಿಯುವುದು, ಅದರ ಬೆಳಕು ಬೀಳುವ ಮಂಚದವರು ಬೇಕಾದರೆ ಜಾಗ ಬದಲಿಸಿಕೊಳ್ಳುವುದು. ಇಷ್ಟಕ್ಕೆ ಎಲ್ಲ ಕೈಗಳೂ ಎದ್ದವು, ಮಗುವನ್ನು ಹಿಡಿದಿದ್ದ ಚಾಲಕನ ಒಂದು ಕೈಯೂ.

ನಾನು ಚಾಲಕನ ಮುಂದೆ "ಕ್ಷಮಿಸಿ" ಎಂದು ಬರೆದು ಹಿಡಿದೆ. ಅವನು ಓದಿ, "ಇರ್ಲಿ ಬಿಡಿ ಅಮ್ಮ, ನೀವು ಆರಿಸದಿದ್ರೆ ನಾನು ಹೇಳ್ತಾನೂ ಇರ್ಲಿಲ್ಲ" ಎಂದ. ಹೋದ ಜೀವ ಬಂದ ಹಾಗಾಯಿತು.

ಸೆಪ್ಟೆಂಬರ್ 29, ಸೋಮವಾರ

ಕರಗಿದೆ.

ಡಾಕ್ಟರು ಪರದೆಯ ಮೇಲೆ ತೋರಿಸಿದರು. ಅಂಚು ನೇರವಾಗಿದೆ, ಕತ್ತರಿಸುವುದು ಬೇಡ. ಇಷ್ಟು ಕಟ್ಟುನಿಟ್ಟಾಗಿ ಮೌನ ಪಾಲಿಸಿದವರು ಅಪರೂಪ, ಅದರಲ್ಲೂ ಶಿಕ್ಷಕರಲ್ಲಿ ಇಲ್ಲವೇ ಇಲ್ಲ ಎಂದರು. ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಇವರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ದಿನಕ್ಕೆ ಸ್ವಲ್ಪ ಹೊತ್ತು, ಮೆಲ್ಲನೆ ಮಾತಾಡಬಹುದು. ಕೂಗಬಾರದು, ಎಂದೆಂದಿಗೂ. "ಎಲ್ಲಿ, ಏನಾದ್ರೂ ಹೇಳಿ ನೋಡೋಣ" ಎಂದರು ಡಾಕ್ಟರು. ತಿಂಗಳಿಡೀ ಕೂಡಿಟ್ಟ ಮಾತು ಎಷ್ಟಿತ್ತು. ಹೆಡ್‌ಮಾಸ್ಟರಿಗೆ ಹೇಳಬೇಕಾದದ್ದನ್ನಂತೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿ ತೆರೆದರೆ ಬಂದದ್ದು, "ನೀವೇ ಹೇಳಿ."

ಯಾಕೆ ಹಾಗೆಂದೆನೋ. ಡಾಕ್ಟರು ಜೋರಾಗಿ ನಕ್ಕರು. ಧ್ವನಿ ಸ್ವಲ್ಪ ಒರಟಾಗಿದೆ, ಆದರೆ ನನ್ನದೇ.

ಸೆಪ್ಟೆಂಬರ್ 30, ಮಂಗಳವಾರ

ಶಿಕ್ಷಣಾಧಿಕಾರಿಗಳು ಕ್ರೀಡಾಭವನಕ್ಕೆ ಬಂದರು. ಶಾಲೆಯ ಹೆಸರು ಎಲ್ಲಿದೆ ಎಂದು ಹುಡುಕಿದರು, ಸಿಗಲಿಲ್ಲ. ಹೆಡ್‌ಮಾಸ್ಟರು ಬೆವರಿದರು. ಇಲ್ಲಿ ಇದರ ಮುಖ್ಯಸ್ಥರು ಯಾರು ಎಂದು ಅಧಿಕಾರಿಗಳು ಕೇಳಿದ್ದಕ್ಕೆ, ಗೋಲುಕಂಬದ ಮಗು ಮಂಚದ ಮೇಲೆ ನಿಂತು ತನ್ನ ದೀಪ ಹಾಕಿ ತೋರಿಸಿತು. ಫೋಟೋ ಅದರದ್ದೇ ಆಯಿತು. ಮರಳುವಾಗ ಹೆಡ್‌ಮಾಸ್ಟರು, ಫಲಾನುಭವಿಗಳ ಅಭಿಪ್ರಾಯ ಕೇಳಿಯೇ ಮುಂದುವರಿಯಬೇಕೆಂದು ತಾವು ಮೊದಲಿನಿಂದಲೂ ಹೇಳುತ್ತಿದ್ದುದಾಗಿ ಅಧಿಕಾರಿಗಳಿಗೆ ವಿವರಿಸುತ್ತಿದ್ದರು. ಕೋಳಿ ಮಸಾಲೆಯ ಮಾತು ನಾಲಗೆಯ ತುದಿಗೆ ಬಂತು. ಇವತ್ತಿನ ಪಾಲಿನ ಮಾತನ್ನು ಅದಕ್ಕೆ ದಂಡ ಮಾಡುವುದೇಕೆ ಎಂದು ಬಿಟ್ಟೆ.

ದರ್ಜಿಯಜ್ಜನಿಗೆ "ಬರ್ತೀನಿ ಅಜ್ಜ" ಎಂದೆ. ಅವನು ಎದೆ ಹಿಡಿದುಕೊಂಡು ಮಂಚದ ಮೇಲೆ ಕುಳಿತುಬಿಟ್ಟ. ನಡೆದದ್ದು ಹೇಳಿದ ಮೇಲೂ ನಂಬದೆ, ಮಕ್ಕಳ ಸಭೆಗೆ ಇಂಥ ಶಕ್ತಿಯೂ ಇದೆಯೇ ಎಂದು ಪಕ್ಕದವರನ್ನು ಕೇಳುತ್ತಿದ್ದ.

ಅಕ್ಟೋಬರ್ 3, ಶುಕ್ರವಾರ

ಸೇವಾ ಅವಧಿ ನನ್ನಲ್ಲೇ ಉಳಿಯಿತು. ನನ್ನ ಧ್ವನಿ ಕೇಳಿ ತರಗತಿ ಚಪ್ಪಾಳೆ ತಟ್ಟಿತು, ಹಿಂದಿನ ಬೆಂಚಿನಲ್ಲಿ ಒಬ್ಬ "ಮುಗೀತು ಕಥೆ" ಎಂದದ್ದೂ ಕೇಳಿಸಿತು. ಆಮೆ ಮೇಜಿನ ಹಿಂದಿನಿಂದ ಹೊರಡಲು ನೋಡಿದ. ಅಲ್ಲೇ ಇರು ಎಂದು ಸನ್ನೆ ಮಾಡಿ, ಎರಡನೆಯ ಬೆಂಚಿನಲ್ಲಿ ಲಾಯರ್‌ಳ ಪಕ್ಕ ಜಾಗ ಇತ್ತು, ಹೋಗಿ ಕುಳಿತೆ. ಅಲ್ಲಿಂದ ಹಲಗೆ ಚೆನ್ನಾಗಿ ಕಾಣುತ್ತದೆ.

ಇಂದಿನ ವಿಷಯ, ಆ ನಿಯಮದ ಹೆಸರು ಬದಲಿಸುವುದು. "ಸೋತವರ ಮಾತು" ಇನ್ನು ಬೇಡ, "ಬಾಕಿ ಮಾತು" ಎಂದಿರಲಿ ಎಂಬುದು ಲಾಯರ್‌ಳ ಸೂಚನೆ. ಕೆಲವರು ಹಳೆಯದೇ ಚೆಂದ ಎಂದರು, ಒಬ್ಬ "ಕೊನೆ ಮಾತು" ಎಂದ. ಈ ಬಗ್ಗೆ ನನಗೂ ಹೇಳುವುದಿತ್ತು, ಅದೂ ಬಹಳ ಒಳ್ಳೆಯದೇ ಇತ್ತು. ಬಾಯಿ ತೆರೆಯಲು ಹೋದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳತೊಡಗಿದಳು, ಇಡೀ ತಿಂಗಳು ಒಂದು ಮಾತೂ ಆಡದಿದ್ದವಳು. ನಾನು ಕೈ ಎತ್ತಿದೆ.

ಆಮೆ ಕೈ ಎತ್ತಿದವರನ್ನು ಸರದಿಯಂತೆ ತನ್ನ ವೇಗದಲ್ಲೇ ಕರೆಯುತ್ತಾ ಬಂದ. ನನಗಿಂತ ಮುಂಚೆ ಎತ್ತಿದವರು ಸುಮಾರು ಜನರಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಶುಕ್ರವಾರ ಮೊದಲ ಮಾತು ನನ್ನದೇ ಎಂದು ಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದಾನೆ.

ಕೈ ಸ್ವಲ್ಪ ನೋಯುತ್ತಿದೆ. ಗಂಟಲು ನೋಯುತ್ತಿಲ್ಲ.